ಒಂದೇ ಸಾಲಿನ ಪ್ರೋಗ್ರೆಸ್ ಬಾರ್ ಕಲಿಸಿದ ಹತ್ತು ಪಾಠಗಳು

ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಪುಟಪುಟವಾಗಿ ಬಿಡಿಸಿ, ಓರೆಯಾದ ಪುಟಗಳನ್ನು ನೆಟ್ಟಗೆ ಮಾಡಿ, ಓಸಿಆರ್‌ಗೆ ಒಪ್ಪಿಸುವ ಕಮಾಂಡ್‌ಲೈನ್ ಪ್ರೋಗ್ರಾಮ್ ಒಂದನ್ನು ವರ್ಷಗಳ ಹಿಂದೆ ಬರೆದಿದ್ದೆ. ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ಮುಗಿಯಲು ಮಾತ್ರ ಮೂರು ಗಂಟೆ ಬೇಕು. ಒಂದು ಗ್ರಂಥಾಲಯದಲ್ಲಿ ಅದನ್ನು ಹಾಕಿಕೊಟ್ಟು, ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮೇಡಂಗೆ ವಿವರಿಸಿ ಬಂದೆ. ಮರುದಿನ ಫೋನ್ ಮಾಡಿದರೆ, ‘ಸಾರ್, ಅದು ಹ್ಯಾಂಗ್ ಆಗ್ಬಿಟ್ಟಿತ್ತು. ಒಂದು ಗಂಟೆ ಕಾದೆ, ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋದೆ’ ಅಂದರು.

ಅದು ಹ್ಯಾಂಗ್ ಆಗಿರಲಿಲ್ಲ. ಒಳಗೆ ಕೆಲಸ ಸರಾಗವಾಗಿ ನಡೆಯುತ್ತಿತ್ತು, ಹೊರಗೆ ಕರ್ಸರ್ ಸುಮ್ಮನೆ ಮಿಣುಕುತ್ತಿತ್ತು. ತಪ್ಪು ಅವರದ್ದಲ್ಲ, ನನ್ನದು. ಅವತ್ತೇ ಒಂದು ಪ್ರೋಗ್ರೆಸ್ ಬಾರ್ ಸೇರಿಸಲು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಪರದೆಯ ಮೇಲೆ ಕಾಣುವುದು ಇಷ್ಟೇ ತಾನೆ:

[##########----------] 50%

ಈ ಒಂದು ಸಾಲನ್ನು ಸರಿಯಾಗಿ ಬರೆಯಲು ಕಲಿಯುವಷ್ಟರಲ್ಲಿ ಹಲವು ವರ್ಷ ಕಳೆದಿದ್ದವು. ಪೆಟ್ಟು ತಿಂದು ಕಲಿತದ್ದನ್ನು ಕೆಳಗೆ ಕೊಟ್ಟಿದ್ದೇನೆ.

1. ಮೌನವಾಗಿರುವ ಪ್ರೋಗ್ರಾಮ್ ಸತ್ತ ಪ್ರೋಗ್ರಾಮ್

ಯುನಿಕ್ಸ್ ಸಂಪ್ರದಾಯದಲ್ಲಿ ಮಾತು ಕಡಿಮೆ. ಕೆಲಸ ಸರಿಹೋದರೆ ಸುಮ್ಮನಿರು, ಕೆಟ್ಟರೆ ಮಾತ್ರ ಬಾಯಿಬಿಡು. ಸೆಕೆಂಡಿನೊಳಗೆ ಮುಗಿಯುವ ಕೆಲಸಕ್ಕೆ ಇದು ಒಳ್ಳೆಯ ನಡತೆ. ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಇದು ಹಿಂಸೆ. ಡಿಸ್ಕ್ ಪ್ರತಿ ಮಾಡುವ ‘ಡಿಡಿ’ ಕಮಾಂಡ್ ಬಳಸಿದವರಿಗೆ ಇದು ಗೊತ್ತು. ಎಷ್ಟು ಮುಗಿದಿದೆ ಎಂದು ತಿಳಿಯಬೇಕಾದರೆ ಇನ್ನೊಂದು ಟರ್ಮಿನಲ್ ತೆರೆದು ಅದಕ್ಕೆ ಸಿಗ್ನಲ್ ಕಳಿಸಬೇಕಿತ್ತು. ಗ್ನೂ ಆವೃತ್ತಿಯಲ್ಲಿ ‘ಸ್ಟೇಟಸ್=ಪ್ರೋಗ್ರೆಸ್’ ಎಂಬ ಆಯ್ಕೆ ಬಂದದ್ದು 2015ರಲ್ಲಿ.

ಕಾಯುವವರಿಗೆ ಲೆಕ್ಕ ಒಪ್ಪಿಸಬೇಕು ಎಂಬ ವಿಚಾರ ಹೊಸದಲ್ಲ. ಎಷ್ಟು ಶೇಕಡಾ ಮುಗಿದಿದೆ ಎಂದು ತೋರಿಸುವುದರ ಮಹತ್ವದ ಬಗ್ಗೆ ಬ್ರಾಡ್ ಮೈಯರ್ಸ್ 1985ರಲ್ಲೇ ಪ್ರಬಂಧ ಬರೆದಿದ್ದರು. ಜೇಕಬ್ ನೀಲ್ಸನ್ ಹೇಳಿದ ಮಿತಿಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ: ಒಂದು ಸೆಕೆಂಡಿನವರೆಗೆ ಮನುಷ್ಯನ ಯೋಚನೆಯ ಓಟ ತುಂಡಾಗುವುದಿಲ್ಲ, ಹತ್ತು ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ನನ್ನ ರೂಢಿ ಹೀಗಿದೆ: ಎರಡು ಸೆಕೆಂಡಿನೊಳಗೆ ಮುಗಿಯುವುದಕ್ಕೆ ಬಾರ್ ಬೇಡ, ಮೂಡುವಷ್ಟರಲ್ಲಿ ಮಾಯವಾಗಿ ಕಣ್ಣಿಗೆ ಕಿರಿಕಿರಿ. ಹತ್ತು ಸೆಕೆಂಡ್ ಮೀರುವುದಕ್ಕೆ ಬಾರ್ ಇರಲೇಬೇಕು.

2. ಗುಟ್ಟೆಲ್ಲ ಇರುವುದು ಟೈಪ್‌ರೈಟರಿನ ಹಿಡಿಯಲ್ಲಿ

ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಕಟ್ಟಿದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಸಾಲು ಮುಗಿದಾಗ ಎಡಗೈಯಿಂದ ಹಿಡಿಯನ್ನು ತಳ್ಳಿದರೆ ಎರಡು ಕೆಲಸ ಆಗುತ್ತಿದ್ದವು: ಕ್ಯಾರೇಜ್ ಮೊದಲಿನ ಜಾಗಕ್ಕೆ ಬರುವುದು, ಕಾಗದ ಒಂದು ಸಾಲು ಮೇಲೇರುವುದು. ಟೆಲಿಪ್ರಿಂಟರುಗಳಲ್ಲಿ ಈ ಎರಡಕ್ಕೂ ಬೇರೆಬೇರೆ ಸಂಕೇತಗಳಿದ್ದವು. ಆಸ್ಕಿ ಪಟ್ಟಿಯಲ್ಲಿ ಅವು ಈಗಲೂ ಹಾಗೇ ಉಳಿದಿವೆ: 13 ಎಂದರೆ ಕ್ಯಾರೇಜ್ ರಿಟರ್ನ್, 10 ಎಂದರೆ ಲೈನ್ ಫೀಡ್.

ಬಾರಿನ ಜಾದೂ ಇಷ್ಟೇ: 13ನ್ನು ಕಳಿಸಬೇಕು, 10ನ್ನು ಕಳಿಸಬಾರದು. ಕರ್ಸರ್ ಅದೇ ಸಾಲಿನ ಆರಂಭಕ್ಕೆ ಮರಳುತ್ತದೆ, ಹೊಸ ಬರಹ ಹಳೆಯದರ ಮೇಲೆ ಕೂರುತ್ತದೆ. ಕಾಗದದ ಮೇಲಾದರೆ ಮಸಿ ಮೇಲೆ ಮಸಿ ಬಿದ್ದು ಗಲೀಜಾಗುತ್ತಿತ್ತು. ಪರದೆಯಲ್ಲಿ ಹಳೆಯ ಅಕ್ಷರ ಅಳಿದು ಹೊಸದು ಮೂಡುತ್ತದೆ. ನೋಡುವವರಿಗೆ ಬಾರ್ ಬೆಳೆದಂತೆ ಕಾಣುತ್ತದೆ.

3. ಹಳೆಯ ಸಾಲು ಬಾಲ ಬಿಟ್ಟು ಹೋಗುತ್ತದೆ

ಮೇಲೆ ಬರೆದರೆ ಅಳಿಯುವುದು ಹೊಸ ಸಾಲು ಎಷ್ಟು ಉದ್ದವೋ ಅಷ್ಟು ಮಾತ್ರ. ನನ್ನ ಪ್ರೋಗ್ರಾಮ್ ‘ಬಾಕಿ: 100’ ಎಂದು ತೋರಿಸಿ, ಮುಂದಿನ ಪುಟಕ್ಕೆ ಹೋದಾಗ ‘ಬಾಕಿ: 99’ ಎಂದು ಅದರ ಮೇಲೆ ಬರೆಯುತ್ತಿತ್ತು. 100ರ ಕೊನೆಯ ಸೊನ್ನೆ ಅಲ್ಲೇ ಉಳಿಯುತ್ತಿತ್ತು. ಪರದೆಯಲ್ಲಿ ಕಂಡದ್ದು ‘ಬಾಕಿ: 990’. ಮೇಡಂ ಮತ್ತೆ ಫೋನ್ ಮಾಡಿದರು: ‘ಸಾರ್, ನೂರು ಪುಟ ಉಳಿದಿತ್ತು, ಈಗ ಒಂಬೈನೂರ ತೊಂಬತ್ತು ಆಗಿದೆ.’

ಮದ್ದು ಎರಡಿವೆ. ಒಂದು, ಅಂಕಿಗಳಿಗೆ ನಿಶ್ಚಿತ ಅಗಲ ಕೊಟ್ಟು ಬಲಕ್ಕೆ ಒತ್ತರಿಸಿ ಬರೆಯುವುದು. ಶೇಕಡಾವಾರಿಗೆ ಮೂರು ಅಂಕಿಯ ಜಾಗ ಯಾವಾಗಲೂ ಇರಲಿ. ಎರಡು, ಬರೆದ ಮೇಲೆ ಸಾಲಿನ ಕೊನೆಯವರೆಗೆ ಅಳಿಸುವ ಎಸ್ಕೇಪ್ ಸಂಕೇತವನ್ನು ಕಳಿಸುವುದು. 1978ರಲ್ಲಿ ಬಂದ ಡೆಕ್ ಕಂಪನಿಯ ವಿಟಿ100 ಟರ್ಮಿನಲ್ ಅರ್ಥಮಾಡಿಕೊಳ್ಳುತ್ತಿದ್ದ ಆ ಸಂಕೇತ ಇಂದಿನ ಟರ್ಮಿನಲ್‌ಗಳಿಗೂ ಗೊತ್ತು. ನಾನು ಎರಡನ್ನೂ ಮಾಡುತ್ತೇನೆ. ನಿಶ್ಚಿತ ಅಗಲದಿಂದ ಇನ್ನೊಂದು ಲಾಭವಿದೆ: 9ರಿಂದ 10ಕ್ಕೆ ಏರುವಾಗ ಇಡೀ ಸಾಲು ಪಕ್ಕಕ್ಕೆ ಜಿಗಿಯುವುದಿಲ್ಲ.

4. ಬರೆದದ್ದು ಪರದೆಗೆ ತಲುಪಿತೇ ನೋಡಿ

ನನ್ನ ಮೊದಲ ಬಾರ್ ಸಿ ಭಾಷೆಯಲ್ಲಿತ್ತು. ಓಡಿಸಿದೆ, ಏನೂ ಕಾಣಲಿಲ್ಲ. ಕೊನೆಗೆ ಒಮ್ಮೆಲೇ 100% ಬಂದು ನಿಂತಿತು. ಕೋಡ್ ಸರಿಯಾಗಿಯೇ ಇತ್ತು. ಸಿ ಭಾಷೆಯ ಲೈಬ್ರರಿ ನಾವು ಬರೆದದ್ದನ್ನು ಕೂಡಲೇ ಕಳಿಸುವುದಿಲ್ಲ, ಬಫರಿನಲ್ಲಿ ಕೂಡಿಸಿಡುತ್ತದೆ. ಟರ್ಮಿನಲ್‌ಗೆ ಬರೆಯುವಾಗ ಸಾಲು ಮುಗಿದರೆ, ಅಂದರೆ ಲೈನ್ ಫೀಡ್ ಬಂದರೆ, ಕಳಿಸುತ್ತದೆ. ಬಾರಿನಲ್ಲಿ ಲೈನ್ ಫೀಡೇ ಇಲ್ಲವಲ್ಲ! ಸೀಟು ತುಂಬಿದ ಮೇಲೆಯೇ ಹೊರಡುವ ಟೆಂಪೋದಂತೆ, ಬಫರ್ ತುಂಬುವವರೆಗೆ ಬರಹ ಅಲ್ಲೇ ಕೂತಿರುತ್ತದೆ.

ಪ್ರತಿ ಬಾರಿ ಬರೆದ ಮೇಲೆ ಫ್ಲಶ್ ಮಾಡಿ. ಪೈಥಾನಿನಲ್ಲಿ ಒಂದೊಂದೇ ಚುಕ್ಕಿ ಮುದ್ರಿಸುತ್ತಾ ಹೋಗುವವರಿಗೂ ಇದೇ ತೊಂದರೆ, 3.3ನೇ ಆವೃತ್ತಿಯಿಂದ ಪ್ರಿಂಟ್ ಫಂಕ್ಷನ್ನಿಗೆ ಫ್ಲಶ್ ಎಂಬ ಆಯ್ಕೆ ಸೇರಿದೆ.

5. ಎದುರಿಗೆ ಮನುಷ್ಯರಿದ್ದಾರೋ ಇಲ್ಲವೋ ಕೇಳಿಕೊಳ್ಳಿ

ಪ್ರೋಗ್ರಾಮಿಗೆ ಎರಡು ಬಾಯಿ. ಸ್ಟ್ಯಾಂಡರ್ಡ್ ಔಟ್‌ಪುಟ್ ಇರುವುದು ಕೆಲಸದ ಫಲಿತಾಂಶಕ್ಕೆ. ಸ್ಟ್ಯಾಂಡರ್ಡ್ ಎರರ್ ಇರುವುದು ಮನುಷ್ಯರ ಜೊತೆ ಮಾತಿಗೆ; ಹೆಸರಲ್ಲಿ ಎರರ್ ಇದೆಯೆಂದು ಅದು ತಪ್ಪುಗಳಿಗಷ್ಟೇ ಮೀಸಲಲ್ಲ. ಬಾರ್ ಎರಡನೆಯದಕ್ಕೆ ಸೇರಿದ್ದು. ನಾನು ಮೊದಲನೆಯದಕ್ಕೆ ಬರೆದಿದ್ದೆ. ಯಾರೋ ಓಸಿಆರ್ ಪಠ್ಯವನ್ನು ಫೈಲಿಗೆ ತಿರುಗಿಸಿದಾಗ ಪುಸ್ತಕದ ಪುಟಗಳ ನಡುವೆ ಸಾಲುಸಾಲಾಗಿ ಹ್ಯಾಶ್ ಗುರುತುಗಳು ಸೇರಿಕೊಂಡಿದ್ದವು. ಅದನ್ನು ಬಿಡಿಸಿ ಕ್ಲೀನ್ ಮಾಡಲು ಒಂದು ದಿನ ಹಿಡಿಯಿತು.

ಸ್ಟ್ಯಾಂಡರ್ಡ್ ಎರರ್‌ಗೆ ಬದಲಿಸಿದ ಮೇಲೂ ಇನ್ನೊಂದು ಪೆಟ್ಟು ಕಾದಿತ್ತು. ರಾತ್ರಿ ಕ್ರಾನ್ ಮೂಲಕ ಓಡಿಸಿದಾಗ ಎರಡೂ ಬಾಯಿಗಳು ಒಂದೇ ಲಾಗ್ ಫೈಲಿಗೆ ಹೋಗುತ್ತಿದ್ದವು. ಬೆಳಿಗ್ಗೆ ಲಾಗ್ ತೆರೆದರೆ ಸಾವಿರಾರು ಬಾರ್‌ಗಳು ಒಂದೇ ಉದ್ದ ಸಾಲಿನಲ್ಲಿ ಅಂಟಿಕೊಂಡಿದ್ದವು. ನಿಜವಾದ ದೋಷದ ಸಂದೇಶ ಅದರ ನಡುವೆ ಎಲ್ಲೋ ಹೂತುಹೋಗಿತ್ತು.

ಆದ್ದರಿಂದ ಬರೆಯುವ ಮೊದಲು ‘ಇದು ಟರ್ಮಿನಲ್ಲೇ?’ ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಬೇಕು. ಅದಕ್ಕೆಂದೇ ಒಂದು ಫಂಕ್ಷನ್ ಹೆಚ್ಚಿನ ಭಾಷೆಗಳಲ್ಲಿ ಸಿಗುತ್ತದೆ. ಟರ್ಮಿನಲ್ ಆದರೆ ಬಾರ್. ಅಲ್ಲದಿದ್ದರೆ ಹತ್ತು ಶೇಕಡಾ ಮುಗಿದಾಗಲೊಮ್ಮೆ, ಗಂಟೆ-ನಿಮಿಷ ಸಮೇತ, ಒಂದು ಸಾದಾ ಸಾಲು. ‘ಕರ್ಲ್’ ಈ ವಿಷಯದಲ್ಲಿ ಜಾಣ: ಇಳಿಸಿಕೊಂಡದ್ದು ಫೈಲಿಗೆ ಹೋಗುತ್ತಿದ್ದರೆ ಮೀಟರ್ ತೋರಿಸುತ್ತದೆ, ಪರದೆಗೇ ಬರುತ್ತಿದ್ದರೆ ಮೀಟರನ್ನು ತಾನಾಗಿ ಮುಚ್ಚಿಕೊಳ್ಳುತ್ತದೆ, ಎರಡೂ ಕಲಸಿಹೋಗದಂತೆ.

6. ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಬರೆಯಬೇಡಿ

ಲೂಪಿನ ಪ್ರತಿ ಸುತ್ತಿಗೂ ಬಾರ್ ಬರೆದರೆ ಏನಾಗುತ್ತದೆ? ಹತ್ತು ಲಕ್ಷ ಸುತ್ತಿದ್ದರೆ ಹತ್ತು ಲಕ್ಷ ಸಲ ಟರ್ಮಿನಲ್ ಅಕ್ಷರ ಬಿಡಿಸಬೇಕು. ದೂರದ ಸರ್ವರಿನಲ್ಲಿ ಎಸ್‌ಎಸ್‌ಎಚ್ ಮೂಲಕ ಓಡಿಸುತ್ತಿದ್ದರೆ ಅಷ್ಟೂ ನೆಟ್‌ವರ್ಕಿನಲ್ಲಿ ಹರಿದು ಬರಬೇಕು. ಕೆಲಸಗಾರ ಕೆಲಸ ಬಿಟ್ಟು ದಿನವಿಡೀ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರುವ ‘ಎನ್‌ಪಿಎಂ’ನಲ್ಲಿ ಪ್ರೋಗ್ರೆಸ್ ಬಾರ್ ಆಫ್ ಮಾಡಿದರೆ ಇನ್‌ಸ್ಟಾಲ್ ಸುಮಾರು ಅರ್ಧ ಹೊತ್ತಿನಲ್ಲೇ ಮುಗಿಯುತ್ತದೆ ಎಂದು 2016ರ ಆರಂಭದಲ್ಲಿ ಬಳಕೆದಾರರು ಕಂಡುಹಿಡಿದರು. ಕಾಯುವುದನ್ನು ಸಹ್ಯವಾಗಿಸಲು ಹಾಕಿದ್ದೇ ಕಾಯುವ ಹೊತ್ತನ್ನು ಹಿಗ್ಗಿಸುತ್ತಿತ್ತು. ಪೈಥಾನಿನ ‘ಟಿಕ್ಯೂಡಿಎಂ’ ಲೈಬ್ರರಿ ಬಾರನ್ನು ಡಿಫಾಲ್ಟಾಗಿ 0.1 ಸೆಕೆಂಡಿಗಿಂತ ಬೇಗ ಮತ್ತೆ ಬರೆಯುವುದಿಲ್ಲ. ಸೆಕೆಂಡಿಗೆ ಹತ್ತು ಸಲ ಬದಲಾದರೆ ಕಣ್ಣಿಗೆ ಧಾರಾಳ. ಎಣಿಕೆ ಪ್ರತಿ ಸುತ್ತಿಗೂ ನಡೆಯಲಿ, ಬರೆಯುವುದು ಗಡಿಯಾರ ನೋಡಿ ನಡೆಯಲಿ.

7. ಏನನ್ನು ಎಣಿಸುತ್ತೀರಿ ಎಂಬುದೇ ಮುಖ್ಯ

ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಹಾಸನ ತಲುಪಿದಾಗ ಕಿಲೋಮೀಟರ್ ಲೆಕ್ಕದಲ್ಲಿ ಸುಮಾರು ಅರ್ಧ ದಾರಿ ಮುಗಿದಿರುತ್ತದೆ. ‘ಮೂರೂವರೆ ಗಂಟೆಗೆ ಅರ್ಧ, ಇನ್ನು ಮೂರೂವರೆ ಗಂಟೆ’ ಎಂದು ಮನೆಗೆ ಫೋನ್ ಮಾಡಿ ಹೇಳಿದವರು ಪೆಚ್ಚಾಗುತ್ತಾರೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಅದರಲ್ಲೂ ಮಳೆಗಾಲದಲ್ಲಿ, ಒಂದೊಂದು ಕಿಲೋಮೀಟರಿನ ಬೆಲೆಯೇ ಬೇರೆ.

ನನ್ನ ಬಾರ್ ಮಾಡುತ್ತಿದ್ದದ್ದೂ ಇದನ್ನೇ. ಅದು ಫೈಲುಗಳನ್ನು ಎಣಿಸುತ್ತಿತ್ತು. ಹತ್ತು ಪುಟದ ಕರಪತ್ರವೂ ಒಂದು ಫೈಲು, ಒಂಬೈನೂರು ಪುಟದ ನಿಘಂಟೂ ಒಂದು ಫೈಲು. ಕರಪತ್ರಗಳೆಲ್ಲ ಸರಸರನೆ ಮುಗಿದು ಬಾರ್ 90%ಗೆ ಏರುತ್ತಿತ್ತು. ಆಮೇಲೆ ನಿಘಂಟಿನ ಮುಂದೆ ಕೂತು ಒಂದು ಗಂಟೆ ಅಲ್ಲಾಡುತ್ತಿರಲಿಲ್ಲ. ಪುಟಗಳನ್ನು ಎಣಿಸಲು ಶುರುಮಾಡಿದ ಮೇಲೆ ಬಾರ್ ಸಮವಾಗಿ ನಡೆಯಿತು. ಹೊತ್ತು ಯಾವುದರ ಮೇಲೆ ನಿಂತಿದೆಯೋ ಅದನ್ನೇ ಎಣಿಸಬೇಕು: ಕಾಪಿ ಮಾಡುವಾಗ ಬೈಟುಗಳು, ಓಸಿಆರ್‌ಗೆ ಪುಟಗಳು, ಡೇಟಾಬೇಸಿಗೆ ಸಾಲುಗಳು.

ಒಟ್ಟು ಎಷ್ಟು ಎಂಬುದೇ ತಿಳಿಯದಿದ್ದರೆ? ಆಗ ಶೇಕಡಾ ತೋರಿಸಬೇಡಿ. ಸರ್ವರ್ ಫೈಲಿನ ಗಾತ್ರ ಹೇಳದಿದ್ದರೆ ‘ಡಬ್ಲ್ಯೂಗೆಟ್’ ಅತ್ತಿತ್ತ ಓಡಾಡುವ <=> ಗುರುತನ್ನಷ್ಟೇ ತೋರಿಸಿ, ಇಳಿದ ಬೈಟುಗಳನ್ನು ಹೇಳುತ್ತದೆ. ‘ಆರ್‌ಸಿಂಕ್’ ಫೋಲ್ಡರುಗಳನ್ನು ಹುಡುಕುತ್ತಲೇ ಕಾಪಿಯನ್ನೂ ಶುರುಮಾಡುವುದರಿಂದ ಅದರ ಒಟ್ಟು ಮೊತ್ತ ಬೆಳೆಯುತ್ತಾ ಹೋಗುತ್ತದೆ. ಪಟ್ಟಿ ಇನ್ನೂ ಬೆಳೆಯುತ್ತಿದೆಯೋ ಪೂರ್ತಿಯಾಯಿತೋ ಎಂದು ತಿಳಿಸಲು ಅದು ಸಾಲಿನ ಕೊನೆಯಲ್ಲಿ ಬೇರೆಬೇರೆ ಗುರುತು ಹಾಕುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಬಾರ್ ಮೇಲೆ ಜನಕ್ಕೆ ನಂಬಿಕೆ ಇರುತ್ತದೆ.

8. ‘ಇನ್ನೆಷ್ಟು ಹೊತ್ತು’ ಎಂಬುದಕ್ಕೆ ಸುಮಾರು ಉತ್ತರ ಸಾಕು

ಉಳಿದ ಸಮಯದ ಲೆಕ್ಕ ಮೂರನೇ ತರಗತಿಯ ಭಾಗಾಕಾರ: ಉಳಿದ ಕೆಲಸವನ್ನು ವೇಗದಿಂದ ಭಾಗಿಸಿದರಾಯಿತು. ತಕರಾರು ಇರುವುದು ‘ವೇಗ’ ಎಂದರೆ ಯಾವುದು ಎಂಬಲ್ಲಿ. ಮೊದಲಿನಿಂದ ಇಲ್ಲಿಯವರೆಗಿನ ಸರಾಸರಿ ಹಿಡಿದರೆ, ನೆಟ್‌ವರ್ಕ್ ಈಗ ನಿಧಾನವಾದರೂ ಬಾರಿಗೆ ಅದು ಬೇಗ ತಿಳಿಯುವುದಿಲ್ಲ. ಈ ಕ್ಷಣದ ವೇಗ ಹಿಡಿದರೆ ‘2 ನಿಮಿಷ’, ‘40 ನಿಮಿಷ’, ‘3 ನಿಮಿಷ’ ಎಂದು ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಎರಡರ ನಡುವೆ ಒಂದು ಹದ ಬೇಕು. ಹೊಸ ವೇಗಕ್ಕೆ ಸ್ವಲ್ಪ ತೂಕ, ಹಳೆಯದಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತಾ ಹೋಗುವುದು ಪಳಗಿದ ದಾರಿ. ಟಿಕ್ಯೂಡಿಎಂನಲ್ಲಿ ಈ ಹದಕ್ಕೆ ಒಂದು ಅಂಕಿಯಿದೆ: 0 ಕೊಟ್ಟರೆ ಪೂರ್ತಿ ಸರಾಸರಿ, 1 ಕೊಟ್ಟರೆ ಈ ಕ್ಷಣದ ವೇಗ, ಡಿಫಾಲ್ಟ್ 0.3.

ಮೊದಲ ಕೆಲವು ಸೆಕೆಂಡ್ ಸಮಯ ತೋರಿಸಲೇಬೇಡಿ, ಹೇಳಲು ಆಧಾರವಿರುವುದಿಲ್ಲ. ಗಂಟೆಗಟ್ಟಲೆ ಕೆಲಸಕ್ಕೆ ‘19 ನಿಮಿಷ 47 ಸೆಕೆಂಡ್’ ಎನ್ನುವ ಬದಲು ‘ಸುಮಾರು 20 ನಿಮಿಷ’ ಎನ್ನಿ. ಕಾಯುವವರು ಅದನ್ನು ನೋಡಿ ತೀರ್ಮಾನಿಸುವುದು ಒಂದನ್ನೇ: ಇಲ್ಲೇ ಕೂರಬೇಕೋ, ಕಾಫಿಗೆ ಹೋಗಿಬರಬಹುದೋ.

9. 100% ಎಂದ ಮೇಲೆ ಮುಗಿದಿರಬೇಕು

ಇದು ನನಗೆ ದುಬಾರಿ ಬಿದ್ದ ಪಾಠ. ತಯಾರಾದ ಫೈಲುಗಳನ್ನು ಪೆನ್‌ಡ್ರೈವಿಗೆ ಕಾಪಿ ಮಾಡುವ ಸೌಲಭ್ಯವನ್ನೂ ಸೇರಿಸಿದ್ದೆ. ಬಾರ್ ಸರ್ರನೆ 100% ತಲುಪಿತು, ಮೇಡಂ ಪೆನ್‌ಡ್ರೈವ್ ಎಳೆದುಕೊಂಡರು. ಮುದ್ರಕರ ಬಳಿ ತೆರೆದಾಗ ಕೊನೆಯ ಹಲವು ಫೈಲುಗಳು ಕೆಟ್ಟಿದ್ದವು. ನನ್ನ ಪ್ರೋಗ್ರಾಮ್ ಎಣಿಸಿದ್ದು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಕೊಟ್ಟ ಬೈಟುಗಳನ್ನು. ಲಿನಕ್ಸ್ ಅವನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ನಿಧಾನದ ಪೆನ್‌ಡ್ರೈವಿಗೆ ಆಮೇಲೆ ಬರೆಯುತ್ತಾ ಇರುತ್ತದೆ. ಅಂಚೆ ಡಬ್ಬಿಗೆ ಹಾಕಿದ್ದನ್ನೇ ಊರಿಗೆ ತಲುಪಿತು ಎಂದಂತೆ ಆಗಿತ್ತು ನನ್ನ 100%. ಈಗ ಎಲ್ಲ ಬರೆದ ಮೇಲೆ ಸಿಂಕ್ ಮಾಡಿಸಿ, ಅದು ಮುಗಿದ ಮೇಲಷ್ಟೇ 100% ತೋರಿಸುತ್ತೇನೆ.

ಸಣ್ಣ ಮೋಸವೊಂದು ದಶಮಾಂಶದಲ್ಲೂ ಅಡಗಿರುತ್ತದೆ. 99.6ನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ 100 ಎಂದು ಬರುತ್ತದೆ, ಕೆಲಸ ಇನ್ನೂ ಬಾಕಿ ಇರುತ್ತದೆ. ಯಾವಾಗಲೂ ಕೆಳಕ್ಕೇ ಇಳಿಸಿ ತೋರಿಸಿ.

ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ನಡೆಸಿದ ಪ್ರಯೋಗದಲ್ಲಿ, ಕೊನೆಕೊನೆಗೆ ವೇಗ ಹೆಚ್ಚುವ ಬಾರ್ ಜನರಿಗೆ ಬೇಗ ಮುಗಿದಂತೆ ಅನಿಸಿತ್ತು. ಕೊನೆಯ ಹಂತದಲ್ಲಿ ನಿಂತು ನಿಂತು ಸಾಗುವುದು ಹಿಡಿಸಿರಲಿಲ್ಲ. ಹಾಗಾದರೆ ಬಾರನ್ನೇ ಸ್ವಲ್ಪ ತಿರುಚಿ ಖುಷಿಪಡಿಸಬಹುದಲ್ಲ ಎಂಬ ಆಸೆ ಹುಟ್ಟುತ್ತದೆ. ಆ್ಯಪ್ ಮಾಡುವವರು ಬೇಕಾದರೆ ಮಾಡಿಕೊಳ್ಳಲಿ. ಕಮಾಂಡ್‌ಲೈನ್ ಮುಂದೆ ಕೂತವರು ಆ ಅಂಕಿಯನ್ನು ನಂಬಿ ಮುಂದಿನ ಕೆಲಸ ಹೊಂದಿಸಿಕೊಳ್ಳುತ್ತಾರೆ. ಅಲ್ಲಿ ತಿರುಚಬಾರದು.

10. ಸಾಲು ಸಣ್ಣದಿರಲಿ, ಕನ್ನಡದ ಹೆಸರು ಕೊನೆಯಲ್ಲಿರಲಿ

ಕ್ಯಾರೇಜ್ ರಿಟರ್ನ್ ಕರ್ಸರನ್ನು ಒಯ್ಯುವುದು ಪರದೆಯಲ್ಲಿ ಅದು ಈಗ ಇರುವ ಸಾಲಿನ ಆರಂಭಕ್ಕೆ. ಬಾರ್ ಉದ್ದವಾಗಿ ಕೆಳಗಿನ ಸಾಲಿಗೆ ಇಳಿದಿದ್ದರೆ ಮೇಲಿನ ತುಂಡು ಅಳಿಯುವುದಿಲ್ಲ, ಪ್ರತಿ ಸಲವೂ ಒಂದೊಂದು ಮೆಟ್ಟಿಲು ಸೇರಿ ಪರದೆ ತುಂಬುತ್ತದೆ. 80 ಅಕ್ಷರ ಇದ್ದೇ ಇರುತ್ತದೆ ಎಂದು ನಂಬಬೇಡಿ. ಐಬಿಎಂನ 1928ರ ಪಂಚ್ ಕಾರ್ಡಿನಿಂದ ಬಂದ ಅಳತೆ ಅದು. ವಿಂಡೋ ಎಷ್ಟು ಅಗಲವಿದೆ ಎಂದು ಟರ್ಮಿನಲ್ಲನ್ನೇ ಕೇಳಿ, ಒಂದು ಮನೆ ಕಡಿಮೆಯೇ ಬಳಸಿ.

ನನಗೆ ಇನ್ನೊಂದು ಕಷ್ಟವಿತ್ತು: ಫೈಲುಗಳ ಹೆಸರೆಲ್ಲ ಕನ್ನಡದಲ್ಲಿದ್ದವು. ‘ಕನ್ನಡ’ ಎಂಬ ಪದವನ್ನೇ ನೋಡಿ. ಓದುವವರಿಗೆ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಕ, ನ, ವಿರಾಮ, ನ, ಡ. ಯುಟಿಎಫ್-8ರಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು ಹದಿನೈದು. ಟರ್ಮಿನಲ್ ಎಂಬುದು ಪಗಡೆ ಹಾಸಿನಂತೆ ಸಮ ಅಗಲದ ಮನೆಗಳ ಚೌಕಟ್ಟು. ಈ ಪದಕ್ಕೆ ಎಷ್ಟು ಮನೆ ಎಂದು ಕೇಳಿದರೆ ಬೇರೆಬೇರೆ ಟರ್ಮಿನಲ್‌ಗಳು ಬೇರೆಬೇರೆ ಉತ್ತರ ಕೊಡುತ್ತವೆ. ಬೈಟ್ ಎಣಿಸಿ ಹೆಸರನ್ನು ಮೊಟಕುಮಾಡಿದಾಗ ಅಕ್ಷರ ನಡುವೆ ಸೀಳಿ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಸಂಕೇತ ಎಣಿಸಿ ಮೊಟಕುಮಾಡಿದಾಗ ಒತ್ತಕ್ಷರ ಮುರಿದು ಅರ್ಧಾಕ್ಷರ ನೇತಾಡಿತು. ಹೆಸರಿನ ಬಲಗಡೆ ಇದ್ದ ಬಾರ್ ಪ್ರತಿ ಫೈಲಿಗೂ ಹಿಂದೆಮುಂದೆ ಜಾರಿತು.

ಕೊನೆಗೆ ಕಂಡುಕೊಂಡ ದಾರಿ ಸರಳ. ಶೇಕಡಾವಾರು, ಬಾರ್, ಉಳಿದ ಸಮಯ ಇವೆಲ್ಲ ಎಡಗಡೆ, ನಿಶ್ಚಿತ ಅಗಲದಲ್ಲಿ. ಹೆಸರು ಸಾಲಿನ ಕಟ್ಟಕಡೆಗೆ, ಇಡೀ ಅಕ್ಷರಗಳ ಗಡಿ ನೋಡಿ ಮೊಟಕುಮಾಡಿದ್ದು. ಹೆಸರಿನ ಅಗಲದ ಲೆಕ್ಕ ತಪ್ಪಿದರೂ ಅದರ ಬಲಕ್ಕೆ ಕೆಡುವಂಥದ್ದು ಏನೂ ಇರುವುದಿಲ್ಲ. ದೇವನಾಗರಿ, ತಮಿಳು, ಮಲಯಾಳಂ ಹೆಸರುಗಳಿಗೂ ಇದೇ ಉಪಾಯ ನಡೆಯುತ್ತದೆ.

ಇಷ್ಟೆಲ್ಲ ತಲೆನೋವು ಏಕೆ, ಲೈಬ್ರರಿ ಬಳಸಬಹುದಲ್ಲ ಎಂದರೆ, ಖಂಡಿತ ಬಳಸಿ. ಪೈಥಾನಿಗೆ ಟಿಕ್ಯೂಡಿಎಂ ಇದೆ. ಪ್ರಗತಿ ಎಂಬ ಅರ್ಥದ ‘ತಖದ್ದುಮ್’ ಎಂಬ ಅರಬ್ಬಿ ಪದದಿಂದ ಬಂದ ಹೆಸರದು. ರಸ್ಟ್‌ಗೆ ‘ಇಂಡಿಕೇಟಿಫ್’ ಇದೆ. ಪೈಪಿನಲ್ಲಿ ಹರಿಯುವ ಡೇಟಾ ನೋಡಲು ‘ಪಿವಿ’ ಎಂಬ ಪುಟ್ಟ ಕಮಾಂಡ್ ಇದೆ. ಮೇಲೆ ಹೇಳಿದ ಪಾಠಗಳಲ್ಲಿ ಅರ್ಧವನ್ನು ಇವೇ ನೋಡಿಕೊಳ್ಳುತ್ತವೆ. ಏನನ್ನು ಎಣಿಸಬೇಕು, ಯಾವಾಗ 100% ಎನ್ನಬೇಕು ಎಂಬುದನ್ನು ಮಾತ್ರ ಯಾವ ಲೈಬ್ರರಿಯೂ ನಿಮಗೆ ಹೇಳಿಕೊಡುವುದಿಲ್ಲ.

ಬಾರ್ ಬರೆದು ಮುಗಿಸಿದ ಮೇಲೆ, ಬೇರೆಯವರ ಕೈಗೆ ಕೊಡುವ ಮೊದಲು, ನಾಲ್ಕು ಪರೀಕ್ಷೆ ಮಾಡಿ. ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿ, ಕಸ ಸೇರಿದೆಯೇ ನೋಡಿ. ವಿಂಡೋವನ್ನು ಅರ್ಧಕ್ಕೆ ಕಿರಿದುಮಾಡಿ, ಮೆಟ್ಟಿಲು ಮೂಡುತ್ತದೆಯೇ ನೋಡಿ. ನಡುವೆ ಕಂಟ್ರೋಲ್-ಸಿ ಒತ್ತಿ, ಕರ್ಸರ್ ಮತ್ತು ಪ್ರಾಂಪ್ಟ್ ಹೊಸ ಸಾಲಿನಲ್ಲಿ ಸರಿಯಾಗಿ ಮರಳುತ್ತವೆಯೇ ನೋಡಿ. ಬಾರನ್ನು ಪೂರ್ತಿ ಮುಚ್ಚುವ ಆಯ್ಕೆ ಇದೆಯೇ ನೋಡಿ. ಸ್ಕ್ರೀನ್ ರೀಡರ್ ಬಳಸುವವರಿಗೆ, ಸೆಕೆಂಡಿಗೆ ಹತ್ತು ಸಲ ಬದಲಾಗುವ ಸಾಲು ಕಿವಿಗೆ ಬಡಿಯುವ ಗದ್ದಲ.

ಈ ನಾಲ್ಕಕ್ಕೂ ಸೇರಿ ಐದು ನಿಮಿಷ ಸಾಕು. ನಾನು ಇವನ್ನು ಮಾಡದೆ ಕಳೆದುಕೊಂಡದ್ದು ಅದಕ್ಕಿಂತ ತುಂಬ ಹೆಚ್ಚು.